ವೇಳೆ ಯಾರ ಕೈಯಲ್ಲಿದೆ?

ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳು ಆರೋಗ್ಯ ಕ್ಷೇತ್ರದ ತರಬೇತಿ ಪಡೆಯಲಿ, ಅಲ್ಲಿ ವೇಳೆ ತಮ್ಮ ಕೈಯಲ್ಲೇ ಇರುತ್ತದೆ ಎಂಬ ಲೇಖನವನ್ನು ಒಪ್ಪಲಾರೆ. ಆ ತಾಲೂಕಿನ ಉಮದಿಯಲ್ಲೋ ಸಂಖದಲ್ಲೋ ನಡುರಾತ್ರಿ ಹೆರಿಗೆ ನೋವು ಶುರುವಾದರೆ ಆಶಾ ಕಾರ್ಯಕರ್ತೆ ಎದ್ದು ಹೊರಡಲೇಬೇಕು. 2005ರಲ್ಲಿ ಶುರುವಾದ ಆಶಾ ಯೋಜನೆಯಲ್ಲಿ ಆಕೆ ನೌಕರಳಲ್ಲ, ಸ್ವಯಂಸೇವಕಿ. ಸಿಗುವುದು ಸಂಬಳವಲ್ಲ, ಗೌರವಧನ. 2023ರಲ್ಲಿ ಮಹಾರಾಷ್ಟ್ರದ ಆಶಾಗಳು ಮುಷ್ಕರ ಹೂಡಿದ್ದನ್ನು ಲೇಖಕರು ಮರೆತರೇ? ಆಶಾ ಬೇಡ, ಎಎನ್‌ಎಂ (ಸಹಾಯಕ ನರ್ಸ್) ಕಲಿಯಲಿ ಎನ್ನಬಹುದು. ಅದು ಎರಡು ವರ್ಷದ ಕೋರ್ಸು. ಕಬ್ಬು ಕಡಿಯಲು ಊರು ಬಿಡುವ ಮನೆ ಅಷ್ಟು ದಿನ ಏನು ತಿನ್ನಬೇಕು? ಕನ್ನಡ ಶಾಲೆಯಲ್ಲಿ ಓದಿದವಳಿಗೆ ಪಾಠ ಯಾವ ಭಾಷೆಯಲ್ಲಿ? ತರಬೇತಿ ಬೇಕೇ ಬೇಕು. ಕಲಿಯುವಾಗ ಭತ್ಯೆ, ಕನ್ನಡದಲ್ಲಿ ಪಾಠ, ಕಲಿತ ಮೇಲೆ ಕಾಯಂ ಹುದ್ದೆ: ಇವನ್ನು ಮೊದಲು ಸರ್ಕಾರದ ಮುಂದೆ ಇಡಿ.