ಮಾಲದಂಡಿಯ ವಂಧ್ಯತೆಯೂ ನಮ್ಮ ಸಂಪತ್ತು

ಶಿರೂರ ಅನಂತಪಾಳದಿಂದ ನಿಲಂಗಾ, ಉದಗೀರ, ಉಮರಗಾಗಳವರೆಗೆ ಹಬ್ಬಿರುವ ಎರೆಭೂಮಿಯಲ್ಲಿ, ಕನ್ನಡ ಮನೆಮಾತಿನವರಿರಲಿ ಮರಾಠಿ ಮನೆಮಾತಿನವರಿರಲಿ, ಎಳ್ಳಮವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು ವಾಡಿಕೆ. ಹಿಂಗಾರಿ ಬಿಳಿಜೋಳ ತೆನೆ ಹಾಯ್ದು ಹೂವಾಡುವುದೂ ಆ ದಿನಗಳ ಆಸುಪಾಸಿನಲ್ಲಿಯೇ, ರಾತ್ರಿಯ ಚಳಿ ಬಲಿಯುವುದೂ ಆಗಲೇ. ಮುಂಗಾರಿನಲ್ಲಿ ಗೆದ್ದ ಸಂಕರ ಜೋಳವು ಹಿಂಗಾರಿನಲ್ಲಿ ಸೋತುದಕ್ಕೆ ಇರುವ ಹಲವು ಕಾರಣಗಳಲ್ಲಿ ಒಂದು ಈ ಚಳಿಯೇ ಎಂಬುದನ್ನು ನಮ್ಮ ಒಕ್ಕಲಿಗರಿಗೆ ಬಿಡಿಸಿ ಹೇಳಿದವರು ವಿರಳ.

ಜೋಳದ ಒಂದೇ ಹೂವಿನಲ್ಲಿ ಗಂಡುಭಾಗವೂ ಹೆಣ್ಣುಭಾಗವೂ ಇರುವುದರಿಂದ, ಒಂದೊಂದೇ ಹೂವಿನ ಗಂಡುಭಾಗವನ್ನು ಕಿತ್ತು ಎಕರೆಗಟ್ಟಲೆ ಸಂಕರ ಬೀಜ ಮಾಡುವುದು ಮನುಷ್ಯಸಾಧ್ಯವಾದ ಕೆಲಸವಲ್ಲ. 1954ರಲ್ಲಿ ಅಮೇರಿಕದ ಸ್ಟೀಫನ್ಸ್ ಮತ್ತು ಹಾಲೆಂಡ್ ಎಂಬ ವಿಜ್ಞಾನಿಗಳು, ಮೈಲೊ ಜೋಳದ ಕೋಶದ್ರವ್ಯದಲ್ಲಿ ಕಾಫಿರ್ ಜೋಳದ ಕೋಶಕೇಂದ್ರವು ನೆಲೆಗೊಂಡಾಗ ಆ ಎರಡಕ್ಕೂ ಹೊಂದಿಕೆಯಾಗದೆ ಪರಾಗ ಹುಟ್ಟುವುದೇ ನಿಂತುಹೋಗುವುದೆಂದು ತೋರಿಸಿದರು. ಅಂತಹ ತೆನೆಯನ್ನು ಹತ್ತಿರದಿಂದ ನೋಡಿದರೆ, ಹೊರಗೆ ಜೋಲುವ ಪರಾಗಕೋಶಗಳು ಸೊರಗಿ ಬಿಳಿಚಿರುತ್ತವೆ. ಬೆರಳಿನಿಂದ ತಟ್ಟಿದರೂ ಹಳದಿ ಹುಡಿ ಉದುರದು. ಹೂವಾಡುವ ಮೊದಲೇ ಕಾಗದದ ಚೀಲ ತೊಡಿಸಿಟ್ಟರೆ ಒಂದು ಕಾಳೂ ಕಟ್ಟದು. ಇಂತಹ ಪುರುಷವಂಧ್ಯ ತಳಿಯನ್ನು ಹೆಣ್ಣಾಗಿಸಿ, ಮಗಳ ಪೀಳಿಗೆಗೆ ಪರಾಗಶಕ್ತಿಯನ್ನು ಮರಳಿ ಕೊಡಬಲ್ಲ ಇನ್ನೊಂದು ತಳಿಯನ್ನು ಗಂಡಾಗಿಸಿ ಪಡೆದ ಸಿ.ಎಸ್.ಎಚ್. 1 ಎಂಬ ಸಂಕರವು 1964ರಲ್ಲಿ ಭಾರತದ ಹೊಲಗಳಿಗೆ ಬಂದಿತು.

ಮರಳಿ ಬಂದ ಆ ಶಕ್ತಿಯಾದರೋ ಬಲು ಸೂಕ್ಷ್ಮವಾದುದು. ರಾತ್ರಿಯ ಉಷ್ಣತೆ 10 ಡಿಗ್ರಿಯ ಸಮೀಪಕ್ಕೆ ಇಳಿದಾಗ ಅನೇಕ ಸಂಕರಗಳ ಪರಾಗ ನಿಸ್ತೇಜಗೊಂಡು, ತೆನೆ ಅರೆಬರೆ ತುಂಬುತ್ತದೆ. ರೊಟ್ಟಿಯ ರುಚಿ, ಕಾಳಿನ ಹೊಳಪು, ದನಗಳಿಗೆ ಬೇಕಾದ ಕಣಿಕೆ ಇವುಗಳಲ್ಲಿಯೂ ಅವು ನಮ್ಮ ಹಿಂಗಾರಿ ಜೋಳದ ತಳಿಯಾದ ಮಾಲದಂಡಿಗೆ ಸರಿಗಟ್ಟಲಿಲ್ಲವೆಂಬುದು ಬೇರೆ ಮಾತು.

ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆಯ್ದು ತೆಗೆದ ಎಂ 35-1 ಎಂಬ ಮಾಲದಂಡಿ ಇಂದಿಗೂ ಹಿಂಗಾರಿನ ಒಡೆಯ. ಈ ಮಾಲದಂಡಿಯಲ್ಲಿಯೇ, ಮೈಲೊ ಮೂಲಕ್ಕಿಂತ ಭಿನ್ನವಾದ ಪುರುಷವಂಧ್ಯತೆಯ ಕೋಶದ್ರವ್ಯವೊಂದು ವಿಜ್ಞಾನಿಗಳಿಗೆ ದೊರೆತಿದೆ. ಆದರೆ ಅದಕ್ಕೆ ಪರಾಗಶಕ್ತಿಯನ್ನು ಮರಳಿ ಕೊಡುವ ತಳಿಗಳು ಅಪರೂಪವಾದುದರಿಂದ, ನಮ್ಮ ನೆಲದ ಈ ನಿಧಿ ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲಿಯೇ ಉಳಿದಿದೆ. ಈ ಉಪೇಕ್ಷೆ ಸಲ್ಲದೆಂದು ನಾನು ವಾದಿಸುತ್ತೇನೆ. 1970ರಲ್ಲಿ ಅಮೇರಿಕದ ಮೆಕ್ಕೆಜೋಳದ ಸುಮಾರು ಶೇಕಡ 85 ಭಾಗವು ಟೆಕ್ಸಾಸ್ ಮೂಲದ ಒಂದೇ ಕೋಶದ್ರವ್ಯವನ್ನು ಹೊತ್ತಿದ್ದುದರಿಂದ, ಎಲೆಯಂಗಮಾರಿಯ ಒಂದು ಶಿಲೀಂಧ್ರವು ಬೆಳೆಯ ಸುಮಾರು ಶೇಕಡ 15 ಭಾಗವನ್ನು ಒಂದೇ ವರುಷದಲ್ಲಿ ನುಂಗಿತು. ಅದೇ ವರುಷ ಚೀನದ ಹೈನಾನ್ ದ್ವೀಪದಲ್ಲಿ ದೊರೆತ ವಂಧ್ಯ ಕಾಡುಭತ್ತದ ಕೋಶದ್ರವ್ಯವೇ ಮಂಡ್ಯದ ಕೆ.ಆರ್.ಎಚ್. 2ರ ವರೆಗೆ ಅಸಂಖ್ಯ ಸಂಕರ ಭತ್ತಗಳಿಗೆ ತಾಯಿಯಾಯಿತು. ಜೋಳದ ಸಂಕರಗಳೂ ಬಹುಪಾಲು ಮೈಲೊ ಎಂಬ ಒಬ್ಬಳೇ ತಾಯಿಯ ಮಕ್ಕಳು.

ಆದುದರಿಂದ ಪರಭಣಿಯ ವಿಶ್ವವಿದ್ಯಾಲಯವೂ, ಸೊಲ್ಲಾಪುರ ಮತ್ತು ವಿಜಯಪುರಗಳ ಸಂಶೋಧನ ಕೇಂದ್ರಗಳೂ, ಗಡಿಯ ಈಚೆ ಆಚೆಯೆಂಬ ಭೇದವೆಣಿಸದೆ ಈ ತಾಲೂಕುಗಳ ಹಳೆಯ ಬಿತ್ತಗಾಳುಗಳನ್ನು ಸಂಗ್ರಹಿಸಿ, ಮಾಲದಂಡಿಯ ವಂಧ್ಯತೆಯನ್ನು ನೀಗಬಲ್ಲ ತಳಿಗಳನ್ನು ಚಳಿಗಾಲದ ಹೊಲದಲ್ಲಿಯೇ ಪರೀಕ್ಷಿಸಿ ಹುಡುಕಬೇಕು. ಸೋಯಾಬೀನು ಬಂದ ನಂತರ ಹಿಂಗಾರಿ ಜೋಳದ ಹೊಲಗಳು ಕಿರಿದಾಗುತ್ತ ಬಂದಂತೆ ಆ ಬಿತ್ತಗಾಳುಗಳೂ ಕಣಜಗಳಿಂದ ಕಣ್ಮರೆಯಾಗುತ್ತಿವೆ. ಸರ್ಕಾರದ ಬೆಂಬಲ ಬೆಲೆಯೂ ಅವನ್ನು ಉಳಿಸುವಂತಿಲ್ಲ: 2024-25ರಲ್ಲಿ ಸಂಕರ ಜೋಳಕ್ಕೆ ಕ್ವಿಂಟಾಲಿಗೆ 3371 ರೂಪಾಯಿ, ಮಾಲದಂಡಿಗೆ 3421. ಬರಿಯ 50 ರೂಪಾಯಿಯ ಈ ಅಂತರವನ್ನು ಹಿಗ್ಗಿಸಿದಲ್ಲದೆ, ಹಳೆಯ ತಳಿಯನ್ನು ಹೊಲದಲ್ಲಿ ಉಳಿಸಿಕೊಳ್ಳಿರೆಂದು ಒಕ್ಕಲಿಗನನ್ನು ಕೇಳುವ ಅಧಿಕಾರ ಯಾವ ಇಲಾಖೆಗೂ ಇಲ್ಲ.