ಹೇಗೂ ಕ್ಯಾನ್ಸರ್ ಇದೆಯಲ್ಲಾ ಅಂತ ಕಲ್ಮಶ ನುಂಗಬೇಕಾ?

ಕಳೆದ ತಿಂಗಳು ಆಸ್ಪತ್ರೆಯೊಂದರ ಔಷಧಿ ಕೌಂಟರ್ ಮುಂದೆ ಒಬ್ಬ ಅಕ್ಕ ನಿಂತಿದ್ದರು. ಗಂಡನಿಗೆ ರಕ್ತದ ಕ್ಯಾನ್ಸರ್, ದಿನಕ್ಕೊಂದು ಇಮ್ಯಾಟಿನಿಬ್ ಮಾತ್ರೆ. ಈ ಸಲ ಮಾತ್ರೆಯ ಬಣ್ಣ ಬೇರೆ. "ಕಂಪನಿ ಬದಲಾಗಿದೆ, ಮದ್ದು ಅದೇ" ಅಂದರು ಒಳಗಿನವರು. "ಅದೇ ಅಂತ ಯಾರು ನೋಡಿದಾರೆ ಸಾರ್?" ಅಂದರು ಅಕ್ಕ. ಉತ್ತರ ಬರಲಿಲ್ಲ.

ನೋಡಿ ಹೇಳುವ ಯಂತ್ರ ಇದೆ. ಹೆಸರು ಎಚ್‌ಪಿಎಲ್‌ಸಿ, ಕ್ರೊಮ್ಯಾಟೋಗ್ರಫಿಯ ಒಂದು ಬಗೆ. ಶಾಲೆಯಲ್ಲಿ ಶಾಯಿ ಚುಕ್ಕೆ ಇಟ್ಟ ಕಾಗದದ ತುದಿಯನ್ನು ನೀರಿಗೆ ಅದ್ದಿದ್ದು ನೆನಪಿದೆಯಾ? ನೀರು ಏರಿದಂತೆ ಶಾಯಿಯ ಬಣ್ಣಗಳು ಬೇರೆಯಾಗುತ್ತಿದ್ದವು. ಇಲ್ಲೂ ಅಷ್ಟೇ. ಮಾತ್ರೆ ಕರಗಿಸಿ, ನುಣುಪು ಪುಡಿ ತುಂಬಿದ ಉಕ್ಕಿನ ಕೊಳವೆಯಲ್ಲಿ ಪಂಪಿನ ಒತ್ತಡದಿಂದ ಹಾಯಿಸುತ್ತಾರೆ. ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಹೊರಬರುತ್ತದೆ, ಕಂಪ್ಯೂಟರಿನಲ್ಲಿ ಗೆರೆ ಗುಡ್ಡದಂತೆ ಏಳುತ್ತದೆ. ಮದ್ದಿನದು ದೊಡ್ಡ ಗುಡ್ಡ. ಅದರ ಮಗ್ಗುಲಲ್ಲಿ ಅಡಗುವ ಸಣ್ಣ ದಿಬ್ಬ ಕಲ್ಮಶ. ಅದು ಬೇರೆಯಾಗಿ ಕಾಣಲು ಯಾವ ದ್ರಾವಣ, ಯಾವ ಕೊಳವೆ ಬೇಕು ಎಂದು ಹುಡುಕುವುದೇ ವಿಜ್ಞಾನಿಗಳ ಕೆಲಸ.

ಕೆಲವು ಕಲ್ಮಶಗಳು ಡಿಎನ್‌ಎಗೇ ಪೆಟ್ಟು ಕೊಟ್ಟು ಮುಂದೆ ಕ್ಯಾನ್ಸರ್ ತರಬಲ್ಲವು. ಇಮ್ಯಾಟಿನಿಬ್ ತಯಾರಿಕೆಯಲ್ಲಿ ಬಳಸುವ ಮೀಥೇನ್ ಸಲ್ಫೋನಿಕ್ ಆಮ್ಲ ಆಲ್ಕೋಹಾಲ್ ಜೊತೆ ಸೇರಿದರೆ ಅಂಥವು ಹುಟ್ಟಬಹುದು. ವರ್ಷಗಟ್ಟಲೆ ತಿನ್ನುವ ಔಷಧಿಯಲ್ಲಿ ಇಂಥ ಕಲ್ಮಶ ಸಾಮಾನ್ಯವಾಗಿ ದಿನಕ್ಕೆ 1.5 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ 2014ರ ಅಂತರರಾಷ್ಟ್ರೀಯ ಮಾರ್ಗಸೂಚಿ. 400 ಮಿಲಿಗ್ರಾಂ ಮಾತ್ರೆಯಲ್ಲಿ ಅದು 10 ಲಕ್ಷಕ್ಕೆ 4 ಪಾಲೂ ಅಲ್ಲ. ಒಂದು ಚೀಲ ಅಕ್ಕಿಯಲ್ಲಿ ನಾಲ್ಕು ಕಲ್ಲು ಇದ್ದಂತೆ.

ಆದರೆ ಮುಂದುವರಿದ ಹಂತದ ಕ್ಯಾನ್ಸರ್ ಔಷಧಿಗಳನ್ನು ಅದೇ ಮಾರ್ಗಸೂಚಿ ಹೊರಗಿಟ್ಟಿದೆ. ರೋಗಿಗೆ ಉಳಿದ ದಿನಗಳೇ ಕಡಿಮೆ ಎಂಬ ಲೆಕ್ಕ. ಕೊನೇ ಹಂತದವರ ವಿಷಯದಲ್ಲಿ ಆ ಲೆಕ್ಕ ಒಪ್ಪೋಣ. ಆದರೆ ಇಮ್ಯಾಟಿನಿಬ್ ತಿಂದು ಹತ್ತಾರು ವರ್ಷ ಬದುಕಿ ಹೊಲ ಉಳುತ್ತಿರುವವರಿಗೂ ಅದೇ ಸಡಿಲ ಲೆಕ್ಕ ಯಾಕೆ?

ಕಂಪನಿಗಳು ಪರೀಕ್ಷೆ ಮಾಡುತ್ತವೆ, ನಂಬಿ ಅನ್ನುತ್ತೀರಾ? 2022ರ ಕೊನೆಯಲ್ಲಿ ಅಮೆರಿಕದ ಎಫ್‌ಡಿಎ ಅಧಿಕಾರಿಗಳು ಗುಜರಾತಿನ ಸಾನಂದ್ ಬಳಿಯ ಔಷಧಿ ಕಾರ್ಖಾನೆಯೊಂದಕ್ಕೆ ಹೋದಾಗ, ಗುಣಮಟ್ಟ ಪರೀಕ್ಷೆಯ ದಾಖಲೆಗಳು ಹರಿದು ಚೀಲಗಳಲ್ಲಿ ಬಿದ್ದಿದ್ದವು. ಬಾಯಿ, ಗರ್ಭಕಂಠದ ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್ ಅಲ್ಲೇ ತಯಾರಾಗುತ್ತಿತ್ತು. ತಯಾರಿಕೆ ನಿಂತಿತು, 2023ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲೇ ಆ ಮದ್ದಿಗೆ ಬರ ಬಂತು. ಅವರಿಗೆ ಬಂದು ನೋಡುವ ಅಧಿಕಾರಿಗಳಿದ್ದರು. ನಮ್ಮ ಊರಿನ ಕೌಂಟರಿಗೆ ಬರುವ ಬ್ಯಾಚನ್ನು ನೋಡುವವರು ಯಾರು?

ಖರ್ಚು ಜಾಸ್ತಿಯಾಗುತ್ತದೆ ಅನ್ನುವವರಿಗೆ ಒಂದು ಮಾತು. ವಿಧಾನ ಒಮ್ಮೆ ಸಿದ್ಧವಾದರೆ ಪ್ರತಿ ಬ್ಯಾಚಿಗೂ ಅದೇ ಬಳಕೆಯಾಗುತ್ತದೆ. ಸಾವಿರಾರು ಮಾತ್ರೆಗಳ ಬ್ಯಾಚಿಗೆ ಹಂಚಿದರೆ ಅದು ಎಷ್ಟಾದೀತು?

ಕೆಟ್ಟ ಬ್ಯಾಚ್‌ಗಳ ಪಟ್ಟಿಯನ್ನು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಹಾಕುತ್ತದೆ, ಇಂಗ್ಲಿಷಿನಲ್ಲಿ. ಅಷ್ಟೊತ್ತಿಗೆ ಮಾತ್ರೆ ಹೊಟ್ಟೆ ಸೇರಿರಬಹುದು. ನಮಗೆ ಬೇಕಿರುವುದು ಇಷ್ಟೇ: ಸರ್ಕಾರ ಕೊಳ್ಳುವ ಪ್ರತಿ ಕ್ಯಾನ್ಸರ್ ಔಷಧಿಯ ಬ್ಯಾಚ್ ನಂಬರ್, ಕಲ್ಮಶ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ ಕೌಂಟರ್ ಮುಂದೆ ತೂಗಬೇಕು, ಮಾತ್ರೆ ಕೈಗೆ ಬರುವ ಮೊದಲೇ.

ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸುವುದು ಕಲ್ಮಶಕ್ಕಿಂತ ದೊಡ್ಡ ಅಪಾಯ. ಖಾಲಿ ಪಟ್ಟಿಯನ್ನು ಮಾತ್ರ ಎಸೆಯಬೇಡಿ. ಅದರ ಮೇಲಿನ ಬ್ಯಾಚ್ ನಂಬರ್ ತೋರಿಸಿ, ಆ ಅಕ್ಕ ಕೇಳಿದ್ದನ್ನೇ ಕೇಳಿ: ಯಾರು ನೋಡಿದಾರೆ ಸಾರ್?