ಶೇಷದ ಅಳತೆ ಮತ್ತು ಹಿಂಸೆಯ ಲೆಕ್ಕ

2012ರ ಜುಲೈಯಲ್ಲಿ ರೋಮ್ ನಗರದಲ್ಲಿ ಸೇರಿದ್ದ ಕೋಡೆಕ್ಸ್ ಆಹಾರ ಮಾನಕ ಆಯೋಗವು ರಾಕ್ಟೊಪಮೀನ್ ಎಂಬ ಔಷಧದ ಶೇಷಕ್ಕೆ ಮಿತಿಯೊಂದನ್ನು ವಿಧಿಸಿತು: ಹಂದಿ ಮತ್ತು ದನದ ಮಾಂಸಖಂಡದಲ್ಲಿ ಕಿಲೋಗ್ರಾಮಿಗೆ 10 ಮೈಕ್ರೋಗ್ರಾಂ. ಪರವಾಗಿ 69 ಮತ, ವಿರುದ್ಧ 67. ಎರಡು ಮತಗಳ ಅಂತರದಿಂದ ಗೆದ್ದ ಈ ನಿರ್ಣಯವನ್ನು ವಿಜ್ಞಾನದ ತೀರ್ಪೆಂದು ಸಾರುವವರು ಇನ್ನೂ ಇದ್ದಾರೆ. ಮಿತಿಗೆ ಆಧಾರವಾದ ಮಾನವ ಪ್ರಯೋಗದಲ್ಲಿದ್ದವರು ಆರೋಗ್ಯವಂತರಾದ ಆರು ಮಂದಿ ಯುವಕರು ಮಾತ್ರ. ಅವರಲ್ಲೊಬ್ಬನು ಎದೆಬಡಿತ ವಿಪರೀತವಾಗಿ ಹೊರನಡೆದನು. ಮಕ್ಕಳು, ಮುದುಕರು, ಹೃದ್ರೋಗಿಗಳು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಇದು ರೋಗಕ್ಕೆ ಕೊಡುವ ಮದ್ದಲ್ಲ. ವಧೆಗೆ ಮುಂಚಿನ ಕೆಲವು ವಾರ ಮೇವಿನಲ್ಲಿ ಬೆರೆಸಿದರೆ ಕೊಬ್ಬು ತಗ್ಗಿ ಮಾಂಸ ಹೆಚ್ಚುತ್ತದೆ. ಐರೋಪ್ಯ ಒಕ್ಕೂಟವೂ ಚೀನಾವೂ ಇದನ್ನು ನಿಷೇಧಿಸಿವೆ. ಅಮೆರಿಕ 1999ರಲ್ಲಿಯೇ ಹಂದಿಗಳಿಗೆ ಅನುಮತಿಸಿತು. ಅಲ್ಲಿನ ಔಷಧದ ಲೇಬಲ್ಲೇ, ಇದನ್ನು ತಿಂದ ಹಂದಿಗಳು ಕುಸಿದು ಏಳಲಾರದಂತಾಗುವ ಅಪಾಯ ಹೆಚ್ಚೆಂದು ಎಚ್ಚರಿಸಿದೆ. ಆದರೆ 'ಸುರಕ್ಷಿತ' ಎಂಬ ಪದದ ಅರ್ಥವ್ಯಾಪ್ತಿಯೊಳಗೆ ಆ ಹಂದಿಗೆ ಎಡೆಯಿಲ್ಲ. ಪದವು ತಿನ್ನುವವನಿಂದ ಹೊರಟು ತಿನ್ನುವವನಲ್ಲಿಯೇ ಮುಗಿಯುತ್ತದೆ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಉಮಾಸ್ವಾಮಿಗಳು ಅತಿಭಾರಾರೋಪಣವನ್ನೂ ಎಣಿಸಿದ್ದಾರೆ. ಎತ್ತಿನ ಬೆನ್ನಿಗೆ ಮಿತಿಮೀರಿದ ಹೇರು ಹೇರುವುದೆಂದೇ ಅದನ್ನು ಸಾಮಾನ್ಯವಾಗಿ ವಿವರಿಸುವುದುಂಟು. ಪ್ರಾಣಿಯ ಸ್ವಂತ ಮಾಂಸವನ್ನೇ ಅದರ ಮೇಲೆ ಹೇರಬಹುದಾದ ಕಾಲದಲ್ಲಿ ಆ ಪದದ ಅರ್ಥವನ್ನು ಎತ್ತಿನ ಗಾಡಿಗೇ ಕಟ್ಟಿಹಾಕುವುದು ವ್ಯಾಖ್ಯಾನಕಾರರ ಸೋಮಾರಿತನ.

ಜನ್ನನ 'ಯಶೋಧರ ಚರಿತೆ'ಯನ್ನು ಪಠ್ಯವಾಗಿ ಓದಿದವರಿಗಾದರೂ ಶೇಷವಾದದ ಕುಂಟು ಕಾಣಬೇಕು. ಯಶೋಧರನೂ ಚಂದ್ರಮತಿಯೂ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆ ಹಿಟ್ಟನ್ನು ಯಾವ ಪ್ರಯೋಗಾಲಯಕ್ಕೆ ಒಯ್ದಿದ್ದರೂ ರಕ್ತದ ಕಣ ಸಿಗುತ್ತಿರಲಿಲ್ಲ, ಶೇಷ ಸೊನ್ನೆ. ಆದರೂ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಗ ತಿರ್ಯಗ್ಜನ್ಮಗಳಲ್ಲಿ ತೊಳಲಿದರು.

ಇದೆಲ್ಲ ಮಾಂಸಾಹಾರಿಗಳ ತಕರಾರು, ತಮಗೇನು ಎಂದು ನಿರಾಳವಾಗಿರುವ ಶ್ರಾವಕರೂ ಉಂಟು. ಅವರ ಲೋಟದಲ್ಲಿ ಹಾಲಿದೆ. ಕರು ಸತ್ತ ಹಸುವೋ ಎಮ್ಮೆಯೋ ಸೊರೆಬಿಡಲೆಂದು ಆಕ್ಸಿಟೋಸಿನ್ ಚುಚ್ಚುವ ದುರಭ್ಯಾಸ ಈ ದೇಶದಲ್ಲಿ ಹಳೆಯದು. 2018ರಲ್ಲಿ ಕೇಂದ್ರ ಸರ್ಕಾರವು ಇದರ ಖಾಸಗಿ ತಯಾರಿಕೆಯನ್ನು ನಿಷೇಧಿಸಿತು. ಅದೇ ವರ್ಷದ ಕೊನೆಗೆ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಹೆರಿಗೆಯ ರಕ್ತಸ್ರಾವ ತಡೆಯಲು ತಾಯಂದಿರಿಗೆ ಅದು ಬೇಕೇ ಬೇಕಾದ ಮದ್ದು, ನಿಜ. ಕುಡಿದ ಹಾಲಿನಲ್ಲಿ ಅದಿದ್ದರೂ ಜಠರದಲ್ಲಿ ಒಡೆದುಹೋಗುತ್ತದೆ, ಅದೂ ನಿಜ. ಕುಡಿಯುವವನು ಕ್ಷೇಮ. ದಿನಕ್ಕೆರಡು ಬಾರಿ ಸೂಜಿ ಚುಚ್ಚಿಸಿಕೊಳ್ಳುವ ಎಮ್ಮೆಯ ಲೆಕ್ಕವನ್ನು ಯಾವ ಶ್ರಾವಕಾಚಾರದ ಯಾವ ಪುಟದಲ್ಲಿ ಬರೆದಿಟ್ಟಿದ್ದಾರೆ?